ರಾಯಚೂರು ಬಿಸಿಲಿಗೆ ಪುಟಾಣಿ ಪಿಕಾನ್ ಪೈ

ಹೋದ ಡಿಸೆಂಬರ್‌ನಲ್ಲಿ ಅಕ್ಕನ ಮಗ ಟೆಕ್ಸಾಸ್‌ನಿಂದ ಬಂದಿದ್ದ. ಎಲ್ಲರಿಗೂ ಚಾಕೊಲೇಟ್, ನನಗೆ ಮಾತ್ರ ಅರ್ಧ ಕಿಲೋ ಪಿಕಾನ್. "ಚಿಗವ್ವಾ, ಅಲ್ಲಿ ಇದರ ಪೈ ಮಾಡ್ತಾರ, ನೀ ಒಂದ್ಸಲ ಮಾಡಿ ನೋಡು" ಅಂತ ಕೈಗೆ ಕೊಟ್ಟು ಹೋದ. ಅತ್ತೆ ಒಂದು ಹೋಳು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದು, "ಇದು ಅಕ್ರೋಟಿನ ತಮ್ಮ ಇದ್ದಂಗ ಐತಿ" ಅಂದರು. ತಪ್ಪೇನಿಲ್ಲ, ಎರಡೂ ಒಂದೇ ಕುಟುಂಬದ ಮರಗಳು. ಅಕ್ರೋಟಿನ ಒಗರು ಇದರಲ್ಲಿ ಇಲ್ಲ, ಬೆಣ್ಣೆಯಂಥ ಮೆತ್ತನೆ ಸಿಹಿ ಇದೆ.

ಅವತ್ತಿನಿಂದ ಇಲ್ಲಿವರೆಗೆ ಆರು ಸಲ ಮಾಡಿದ್ದೇನೆ. ಎರಡು ಸಲ ಪೂರ್ತಿ ಕೆಟ್ಟಿತು, ಒಂದು ಸಲ ಅರ್ಧ ಕೆಟ್ಟಿತು. ಯಾಕೆ ಕೆಟ್ಟಿತು ಅಂತ ಗೊತ್ತಾದ ಮೇಲೆ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಹೋಳಿಗೆ ಮಾಡಿ ಗೊತ್ತಿರುವ ಮನೆಯವರಿಗೆ ಇದರಲ್ಲಿ ಹೊಸದು ಭಾಳ ಕಮ್ಮಿ. ಹೊರಗೆ ಕಣಕ, ಒಳಗೆ ಬೆಲ್ಲದ ಹೂರಣ, ಇಷ್ಟೇ. ಆದರೆ ನಮ್ಮ ಕೈಗೆ ಅಂಟಿಕೊಂಡಿರುವ ಎರಡು ಅಭ್ಯಾಸ ಇಲ್ಲಿ ಉಲ್ಟಾ ಆಗಬೇಕು. ಹೋಳಿಗೆಯ ಕಣಕ ಎಣ್ಣೆಯಲ್ಲಿ ನೆನೆದು ಸಡಿಲ ಆದಷ್ಟೂ ಚಲೋ, ಇದರ ಕಣಕ ತಣ್ಣಗೆ ಗಟ್ಟಿಯಾಗಿ ಇರಬೇಕು. ಶೇಂಗಾ ಉಂಡಿಗೆ ಪಾಕ ಬರಬೇಕು, ಇದಕ್ಕೆ ಪಾಕ ಬರಲೇಬಾರದು. ನಾನು ಕೆಡಿಸಿದ್ದೂ ಈ ಎರಡು ಕಡೆಯಲ್ಲೇ.

ಪೈ ಅಂದರೆ ತಟ್ಟೆಯಷ್ಟು ದೊಡ್ಡದು ಮಾಡಿ ತ್ರಿಕೋನವಾಗಿ ಕೊಯ್ಯುವುದು ಅಂತ ನಾನೂ ಅಂದುಕೊಂಡಿದ್ದೆ. ದೊಡ್ಡದು ಮಾಡಿದರೆ ಓವನ್‌ನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ ಬೇಕು, ನಡುವೆ ಕರೆಂಟ್ ಹೋದರೆ ಮುಗಿಯಿತು, ಕೊಯ್ದಾಗ ನಡುಭಾಗ ಹಸಿಹಸಿಯಾಗಿ ಹರಿದುಬಿಡುತ್ತದೆ. ಒಂದು ತುತ್ತಿನ ಸೈಜಿಗೆ ಮಾಡಿದರೆ 25 ನಿಮಿಷದ ಕೆಲಸ. ಲಟ್ಟಿಸುವ ಗೋಜೂ ಇಲ್ಲ. ಅಮೆರಿಕದಲ್ಲಿ ಇದಕ್ಕೆ ಟ್ಯಾಸಿ ಅಂತಾರೆ, ಸ್ಕಾಟ್ಲೆಂಡ್ ಕಡೆಯ ಮಾತಿನಲ್ಲಿ ಸಣ್ಣ ಬಟ್ಟಲು ಅಂತ ಅರ್ಥ. ಹೆಸರು ಸರಿಯಾಗಿಯೇ ಇದೆ, ಕಣಕದ ಬಟ್ಟಲು ಮಾಡಿ ಅದರಲ್ಲಿ ಹೂರಣ ಸುರಿಯುವುದು.

ಪಿಕಾನ್ ತರುವುದು, ಇಡುವುದು

ತೀನ್ ಕಂದೀಲ್ ಕಡೆ ಎರಡು ಮೂರು ಅಂಗಡಿ ತಿರುಗಿದೆ. ಬದಾಮಿ, ಪಿಸ್ತಾ, ಅಂಜೂರ ಎಲ್ಲ ಇತ್ತು, ಪಿಕಾನ್ ಇರಲಿಲ್ಲ. ಒಬ್ಬರು ಅಕ್ರೋಟನ್ನೇ ತೋರಿಸಿ "ಇದೇ ಮೇಡಂ, ಫಾರಿನ್ ಹೆಸರು ಬೇರೆ ಅಷ್ಟೇ" ಅಂದರು! ಕೊನೆಗೆ ಆನ್‌ಲೈನ್‌ನಲ್ಲೇ ತರಿಸಬೇಕಾಯಿತು. 2023ರ ಬಜೆಟ್‌ನಲ್ಲಿ ಪಿಕಾನ್ ಮೇಲಿನ ಆಮದು ಸುಂಕವನ್ನು ಶೇ. 100ರಿಂದ 30ಕ್ಕೆ ಇಳಿಸಿದರು. ಹಾಗಿದ್ದರೂ ಗೋಡಂಬಿಗಿಂತ ದುಬಾರಿಯೇ. ಇಡೀ ಹೋಳು ಬೇಡ, ಚೂರು ಇರುವ ಪ್ಯಾಕೆಟ್ ತೆಗೆದುಕೊಳ್ಳಿ, ರೇಟು ಕಮ್ಮಿ ಇರುತ್ತದೆ. ಹೇಗಿದ್ದರೂ ನಾವು ಹೆಚ್ಚಿಯೇ ಹಾಕೋದಲ್ವಾ.

ತಂದ ದಿನವೇ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಶೇಂಗಾದಲ್ಲಿ ತೂಕದ ಅರ್ಧದಷ್ಟು ಎಣ್ಣೆ ಇದ್ದರೆ ಪಿಕಾನ್‌ನಲ್ಲಿ ನೂರಕ್ಕೆ 70ರ ಮೇಲೆ ಇರುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳಿನಲ್ಲಿ 40 ಡಿಗ್ರಿ ದಾಟುತ್ತದಲ್ಲ, ಅಡುಗೆಮನೆ ಕಪಾಟಿನಲ್ಲಿ ಇಟ್ಟ ಪಿಕಾನ್ ಕೆಲವೇ ವಾರದಲ್ಲಿ ಹಳೇ ಕೊಬ್ಬರಿ ಹಾಗೆ ಕಮಟು ಹಿಡಿಯುತ್ತದೆ. ಮಾಡುವ ಮುಂಚೆ ಒಂದು ಚೂರು ತಿಂದು ನೋಡಿ. ಕಮಟು ಇದ್ದರೆ ಬೆಲ್ಲ ಎಷ್ಟು ಹಾಕಿದರೂ ಮುಚ್ಚುವುದಿಲ್ಲ.

ಈ ಮರ ಅಮೆರಿಕದ್ದು, ಮಿಸಿಸಿಪ್ಪಿ ನದಿ ಕಡೆಯದು, ಟೆಕ್ಸಾಸ್ ರಾಜ್ಯದ ಅಧಿಕೃತ ಮರವೂ ಹೌದು. ಕಾಡಿನಲ್ಲಿ ಬೆಳೆದಾಗ ಒಂದೊಂದು ಮರದ್ದು ಒಂದೊಂದು ರುಚಿ, ಒಂದೊಂದು ಸೈಜು. ನಮ್ಮ ಮಾವಿನ ಹಾಗೆ ಇದಕ್ಕೂ ಕಸಿ ಕಟ್ಟಬಹುದು ಅಂತ 1840ರ ದಶಕದಲ್ಲಿ ಲೂಸಿಯಾನದ ಕಬ್ಬಿನ ಎಸ್ಟೇಟೊಂದರಲ್ಲಿ ಮಾಡಿ ತೋರಿಸಿದ್ದು ಆಂಟ್ವಾನ್ ಎಂಬ ತೋಟದ ಕೆಲಸಗಾರ. ಗುಲಾಮನಾಗಿದ್ದ ಆತನ ಪೂರ್ತಿ ಹೆಸರು ಕೂಡ ದಾಖಲೆಯಲ್ಲಿ ಉಳಿದಿಲ್ಲ. ಇವತ್ತು ಪ್ಯಾಕೆಟ್‌ನಲ್ಲಿ ಒಂದೇ ಸಮ ಬರುವ ಹೋಳುಗಳನ್ನು ನೋಡಿದಾಗ ನನಗೆ ಆತ ನೆನಪಾಗುತ್ತಾನೆ.

ಸಾಮಾನು, 24 ಪೈಗೆ

ಕಣಕಕ್ಕೆ: ಮೈದಾ 125 ಗ್ರಾಂ, ಉಪ್ಪಿಲ್ಲದ ಬೆಣ್ಣೆ 115 ಗ್ರಾಂ, ಕ್ರೀಮ್ ಚೀಸ್ 85 ಗ್ರಾಂ. ಕ್ರೀಮ್ ಚೀಸ್ ಸಿಗದಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು ಅಷ್ಟೇ ತೂಕ. ನಾನು ಮೊಸರಿನಲ್ಲೇ ಮಾಡುವುದು.

ಹೂರಣಕ್ಕೆ: ಪುಡಿ ಬೆಲ್ಲ 150 ಗ್ರಾಂ, ಮೊಟ್ಟೆ 1, ಬೆಣ್ಣೆ 1 ದೊಡ್ಡ ಚಮಚ, ವೆನಿಲ್ಲಾ 1 ಟೀ ಚಮಚ, ಉಪ್ಪು ಎರಡು ಚಿಟಿಕೆ, ಪಿಕಾನ್ 75 ಗ್ರಾಂ. ಮೊಟ್ಟೆ ತಿನ್ನದವರದು ಮುಂದೆ ಹೇಳುತ್ತೇನೆ.

ಬೆಣ್ಣೆ ಉಪ್ಪಿನದೇ ಇದ್ದರೆ ಹೂರಣಕ್ಕೆ ಉಪ್ಪು ಹಾಕಬೇಡಿ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ನೀರು ಉಳಿದಿರುತ್ತದೆ, ಕಣಕ ಜಿಗಟು ಆಗುತ್ತದೆ. ಅದನ್ನು ತುಪ್ಪಕ್ಕೇ ಇಟ್ಟುಕೊಳ್ಳಿ, ಇದಕ್ಕೆ ಪ್ಯಾಕೆಟ್ ಬೆಣ್ಣೆ ವಾಸಿ. ಇನ್ನು ತೂಕ. ಅಡುಗೆಯಲ್ಲಿ ಕಣ್ಣಳತೆ ನಂಬುವವಳು ನಾನು, ಆದರೆ ಕಣಕದ ವಿಷಯದಲ್ಲಿ ಸಣ್ಣ ತಕ್ಕಡಿ ಇಟ್ಟುಕೊಂಡರೆ ಕಣ್ಣೀರು ಉಳಿಯುತ್ತದೆ.

ಅಚ್ಚು ಅಂದರೆ ಮಿನಿ ಮಫಿನ್ ಟ್ರೇ, ಒಂದೊಂದು ಗುಳಿಯ ಬಾಯಿ ನಾಲ್ಕೂವರೆ, ಐದು ಸೆಂಟಿಮೀಟರ್ ಇರುತ್ತದೆ. ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಸಣ್ಣ ಅಲ್ಯೂಮಿನಿಯಂ ಟಾರ್ಟ್ ಅಚ್ಚೂ ನಡೆಯುತ್ತದೆ. ಇಡ್ಲಿ ತಟ್ಟೆಯಲ್ಲಿ ಮಾಡಬಹುದಾ ಅಂತ ಅಕ್ಕ ಗಂಗಾವತಿಯಿಂದ ಫೋನ್ ಮಾಡಿ ಕೇಳಿದ್ದಳು. ಗುಳಿ ಆಳ ಇಲ್ಲ, ಮೇಲಾಗಿ ತೂತು ಇರುತ್ತವೆ. ಬೇಡ.

ಹಿಂದಿನ ರಾತ್ರಿ

ಬೇಸಿಗೆಯಲ್ಲಿ ಮಧ್ಯಾಹ್ನ ಇದಕ್ಕೆ ಕೈ ಹಾಕಬೇಡಿ. ಬೆಣ್ಣೆ 32 ಡಿಗ್ರಿ ಆಸುಪಾಸಿನಲ್ಲಿ ಕರಗಲು ಶುರು ಮಾಡುತ್ತದೆ, ಮೇ ತಿಂಗಳಲ್ಲಿ ನಮ್ಮ ಅಡುಗೆಮನೆ ಒಲೆ ಹಚ್ಚದೆಯೂ ಅದಕ್ಕಿಂತ ಜಾಸ್ತಿ ಇರುತ್ತದೆ. ನಾನು ಒಂದು ಭಾನುವಾರ ಊಟ ಆದ ಮೇಲೆ ಶುರು ಮಾಡಿದೆ, ಫ್ಯಾನ್ ಕೆಳಗೆ ಕೂತು ಅಚ್ಚಿಗೆ ಕಣಕ ಒತ್ತುತ್ತಾ ಹೋದ ಹಾಗೆ ಬೆರಳು ಸಂದಿಯಲ್ಲೆಲ್ಲ ಬೆಣ್ಣೆ ಇಳಿಯುತ್ತಿತ್ತು, ಹನ್ನೆರಡನೆಯ ಗುಳಿ ಮುಗಿಯುವ ಹೊತ್ತಿಗೆ ಮೊದಲನೆಯದು ಗೋಡೆ ಬಿಟ್ಟು ಜಾರಿ ತಳದಲ್ಲಿ ಗುಡ್ಡೆಯಾಗಿತ್ತು. ಬೆಂದ ಮೇಲೆ ಅದು ಪೈ ಅಲ್ಲ, ಎಣ್ಣೆ ಬಿಟ್ಟ ಬಿಸ್ಕೆಟ್. ಈಗ ರಾತ್ರಿ ಹತ್ತರ ನಂತರ ಕಣಕ ಕಲಸಿ ಫ್ರಿಜ್‌ಗೆ ಸೇರಿಸುತ್ತೇನೆ, ಬೆಳಿಗ್ಗೆ ಐದೂವರೆಗೆ ಎದ್ದು ಸುಡುತ್ತೇನೆ. ಚಳಿಗಾಲದಲ್ಲಿ ಈ ಪಾಡು ಇಲ್ಲ, ಯಾವಾಗ ಬೇಕಾದರೂ ಮಾಡಿ.

ಮೊಸರು ಕಟ್ಟುವುದಾದರೆ ಅದರ ಹಿಂದಿನ ದಿನವೇ ಕಟ್ಟಿ ಫ್ರಿಜ್ ಒಳಗೆ ಜರಡಿಯ ಮೇಲಿಡಿ, ಕೆಳಗೆ ಬಟ್ಟಲು. ಶ್ರೀಖಂಡಕ್ಕೆ ಕಟ್ಟಿದ ಹಾಗೆ ಹೊರಗೆ ನೇತು ಹಾಕಿದರೆ ಈ ಜಳಕ್ಕೆ ಹುಳಿ ಬಂದುಬಿಡುತ್ತದೆ. ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಲ್ಲಬೇಕು, ಅಷ್ಟು ಗಟ್ಟಿ.

ಕಣಕ ಕಲಸುವಾಗ ಬೆಣ್ಣೆ ಕಲ್ಲಿನಂತೆ ಇರುವುದು ಬೇಡ, ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಸಾಕು. ಬೆಣ್ಣೆ, ಮೊಸರು ಎರಡನ್ನೂ ಮರದ ಸೌಟಿನಲ್ಲಿ ಒಂದಾಗುವ ತನಕ ಕಲಸಿ, ಜರಡಿ ಹಿಡಿದ ಮೈದಾ ಹಾಕಿ, ಬೆರಳ ತುದಿಯಲ್ಲಿ ಕೂಡಿಸಿ. ನೀರು ಒಂದು ಹನಿಯೂ ಬೇಡ. ನಾದಬೇಡಿ! ಚಪಾತಿ ಹಿಟ್ಟಿನ ಹಾಗೆ ನಾದಿದರೆ ಜಿಗಿ ಬಂದು ಬೆಂದ ಮೇಲೆ ಬಿರುಸಾಗುತ್ತದೆ. ಹಿಟ್ಟು ಒಣಗಿದ್ದು ಕಾಣದಂತೆ ಒಂದು ಮುದ್ದೆ ಆದರೆ ಸಾಕು. ತಟ್ಟಿ ಚಪ್ಪಟೆ ಮಾಡಿ, ಕವರ್‌ನಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಕನಿಷ್ಠ ಒಂದು ಗಂಟೆ, ರಾತ್ರಿಯೆಲ್ಲ ಇದ್ದರೂ ಏನೂ ಆಗುವುದಿಲ್ಲ.

ಬಟ್ಟಲು ಒತ್ತುವುದು

ಕಣಕವನ್ನು 24 ಉಂಡೆ ಮಾಡಿ. ಒಂದೊಂದು ಸುಮಾರು 13 ಗ್ರಾಂ, ದೊಡ್ಡ ನೆಲ್ಲಿಕಾಯಿ ಗಾತ್ರ. ಹನ್ನೆರಡು ಉಂಡೆ ಹೊರಗೆ, ಹನ್ನೆರಡು ಫ್ರಿಜ್ ಒಳಗೆ. ಟ್ರೇ ಗುಳಿಗೆ ಬೆಣ್ಣೆ ಸವರಿ ಉಂಡೆ ಇಟ್ಟು, ಹೆಬ್ಬೆರಳಿನಲ್ಲಿ ನಡುವೆ ಒತ್ತಿ, ಆಮೇಲೆ ಸುತ್ತ ತಿರುಗಿಸುತ್ತಾ ಗೋಡೆಗೆ ಏರಿಸಿ. ಮೋದಕಕ್ಕೆ ಹಿಟ್ಟು ಬಟ್ಟಲು ಮಾಡಿದ ಕೈ ಇದ್ದರೆ ಐದನೆಯ ಗುಳಿಗೆ ಹದ ಸಿಕ್ಕೇ ಸಿಗುತ್ತದೆ. ಅಂಚು ಟ್ರೇಯ ಬಾಯಿಗಿಂತ ಒಂದು ಎಳೆ ಮೇಲೆ ಬರಲಿ, ಬೇಯುವಾಗ ಸ್ವಲ್ಪ ಕುಗ್ಗುತ್ತದೆ.

ಎಲ್ಲರೂ ತಪ್ಪುವ ಜಾಗ ಒಂದಿದೆ. ತಳ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಕಣಕ ದಪ್ಪ ಉಳಿಯುತ್ತದೆ, ತಳದ ನಡುವೆ ತೆಳುವಾಗಿ ಟ್ರೇ ಕಾಣುವಷ್ಟು ಆಗುತ್ತದೆ. ಅಲ್ಲಿಂದಲೇ ಬೆಲ್ಲ ಸೋರಿ ಕೆಳಗೆ ಇಳಿದು ಟ್ರೇಗೆ ಅಂಟು ಹಾಕಿದಂತೆ ಹಿಡಿದುಕೊಳ್ಳುವುದು. ಒತ್ತಿದ ಮೇಲೆ ಟ್ರೇ ಬೆಳಕಿಗೆ ಹಿಡಿದು ಒಂದೊಂದೇ ನೋಡಿ, ತೆಳು ಕಂಡರೆ ಒಂದು ಚೂರು ಕಣಕ ತೇಪೆ ಹಾಕಿ. ಕೈಗೆ ಅಂಟುತ್ತಿದ್ದರೆ ಹಿಟ್ಟು ಉದುರಿಸಬೇಡಿ, ಬೆರಳನ್ನು ಐಸ್ ನೀರಿನಲ್ಲಿ ಅದ್ದಿ ಚೆನ್ನಾಗಿ ಒರೆಸಿಕೊಂಡು ಮುಂದುವರಿಸಿ. ಎಲ್ಲ ಆದ ಮೇಲೆ ಟ್ರೇ ಸಮೇತ ಅರ್ಧ ಗಂಟೆ ಫ್ರಿಜ್‌ಗೆ.

ನಾನು ಒತ್ತುತ್ತಾ ಕೂತಿದ್ದಾಗ ಅತ್ತೆ ಬಂದು ನಿಂತು ನೋಡಿ, "ಹೋಳಿಗಿ ಅಂತೀ, ಲಟ್ಟಣಗಿನ ಹಿಡಿಲಿಲ್ಲ, ಅದ್ಯಾವ ಹೋಳಿಗಿನೋ" ಅಂತ ಹೇಳಿ ಹೋದರು.

ಹೂರಣ, ಪಾಕ ಬರಿಸದೆ

ಮೊದಲು ಪಿಕಾನ್ ಹುರಿಯಿರಿ. ದಪ್ಪ ತವಾದಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ, ಘಮ ಬಂದ ತಕ್ಷಣ ಕೆಳಗಿಳಿಸಿ ತಟ್ಟೆಗೆ ಹಾಕಿ. ತವಾದಲ್ಲೇ ಬಿಟ್ಟರೆ ಎಣ್ಣೆ ಜಾಸ್ತಿ ಇರುವುದರಿಂದ ತಾನೇ ಸುಟ್ಟುಕೊಳ್ಳುತ್ತದೆ, ಶೇಂಗಾದಷ್ಟು ತಾಳ್ಮೆ ಇದಕ್ಕಿಲ್ಲ. ಆರಿದ ಮೇಲೆ ಕಡಲೆಬೇಳೆ ಗಾತ್ರಕ್ಕಿಂತ ಸ್ವಲ್ಪ ದೊಡ್ಡದಾಗಿ ಹೆಚ್ಚಿ. ಅಲಂಕಾರಕ್ಕೆ ಇಡೀ ಹೋಳು ಬೇಕಾದರೆ 24 ಎತ್ತಿಡಿ, ನನ್ನ ಕೈಗೆ ಅಷ್ಟು ದುಡ್ಡು ಬರೋಲ್ಲ.

ಬೆಲ್ಲಕ್ಕೆ ಎರಡು ಟೀ ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಕರಗಿತಾ, ಇಳಿಸಿ. ಕುದಿ ಬರಬಾರದು. ಮೊದಲ ಸಲ ನಾನು ಸುಮ್ಮನೆ ಅಭ್ಯಾಸಬಲದಿಂದ ಸೌಟಿನಿಂದ ಎತ್ತಿ ಎಳೆ ನೋಡುತ್ತಾ ನಿಂತೆ, ಒಂದೆಳೆ ಬಂದಿತು, ಖುಷಿಯೂ ಆಯಿತು. ಆಮೇಲೆ ಓವನ್‌ನಲ್ಲಿ 25 ನಿಮಿಷ ಬೆಂದು ಹೊರಗೆ ಬಂದದ್ದು ಬಟ್ಟಲಲ್ಲಿ ಕೂತ ಚಿಕ್ಕಿ. ಮಾವನವರ ಕಟ್ಟಿಸಿದ ಹಲ್ಲು ಅದರಲ್ಲಿ ಸಿಕ್ಕಿಕೊಂಡದ್ದು ಬೇರೆ ಕಥೆ. ಇದರಲ್ಲಿ ಹೂರಣ ಗಟ್ಟಿಯಾಗುವುದು ಪಾಕದಿಂದ ಅಲ್ಲ, ಮೊಟ್ಟೆಯಿಂದ. ಮೊಟ್ಟೆ ಬೆಂದು ಹೆಪ್ಪುಗಟ್ಟುವಾಗ ಬೆಲ್ಲದ ನೀರನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಒಳಗೆ ಹಲ್ವಾದಂತೆ ಮೆತ್ತಗೆ ಇರುತ್ತದೆ. ಅಮೆರಿಕದವರು ಸಕ್ಕರೆ ಹರಳುಗಟ್ಟದಿರಲಿ ಅಂತ ಜೋಳದ ಸಿರಪ್ ಹಾಕುತ್ತಾರೆ. ಬೆಲ್ಲದಲ್ಲಿ ಅಷ್ಟಿಷ್ಟು ಗ್ಲುಕೋಸ್, ಫ್ರಕ್ಟೋಸ್ ತಾನೇ ಇರುವುದರಿಂದ ನಮಗೆ ಅದರ ಹಂಗು ಬೇಡ. ರುಚಿಯೂ ನನಗೆ ಬೆಲ್ಲದ್ದೇ ಇಷ್ಟ, ಕಪ್ಪು ಬೆಲ್ಲ ಆದರೆ ಇನ್ನೂ ಚಲೋ.

ಕರಗಿದ ಬೆಲ್ಲ ಬಿಸಿ ಇರುವಾಗಲೇ ಚಹಾ ಸೋಸುವ ಜಾಳಿಗೆಯಲ್ಲಿ ಸೋಸಿ, ಕಬ್ಬಿನ ಎಳೆ, ಮಣ್ಣು ಇರುತ್ತವೆ. ಬೆಣ್ಣೆ ಹಾಕಿ. ಪೂರ್ತಿ ಆರಲಿ. ಬೆರಳಿಟ್ಟರೆ ಬೆಚ್ಚಗೂ ಇರಬಾರದು, ಇಲ್ಲದಿದ್ದರೆ ಮೊಟ್ಟೆ ಹಾಕಿದ ಕೂಡಲೇ ಬುರ್ಜಿ ಆಗುತ್ತದೆ. ಮೊಟ್ಟೆಯನ್ನು ಬೇರೆ ಬಟ್ಟಲಿನಲ್ಲಿ ಫೋರ್ಕಿನಿಂದ ಕಲಕಿ ಬೆಲ್ಲಕ್ಕೆ ಸೇರಿಸಿ, ಉಪ್ಪು, ವೆನಿಲ್ಲಾ ಹಾಕಿ ಮೆಲ್ಲಗೆ ತಿರುಗಿಸಿ. ನೊರೆ ಬರುವಂತೆ ಬೀಸಬೇಡಿ, ನೊರೆ ಇದ್ದರೆ ಉಬ್ಬಿ ಹೊರಗೆ ಚೆಲ್ಲುತ್ತದೆ. ಮೊಟ್ಟೆ ವಾಸನೆ ಆಗದವರು ಒಂದು ಏಲಕ್ಕಿ ಪುಡಿ ಮಾಡಿ ಹಾಕಬಹುದು, ಆದರೆ ಅದಾದ ಮೇಲೆ ಪಿಕಾನ್‌ಗಿಂತ ಏಲಕ್ಕಿಯೇ ಮುಂದೆ ಬರುತ್ತದೆ.

ಸುಡುವುದು

ಓಟಿಜಿಯನ್ನು, ಅಂದರೆ ಕರೆಂಟಿನ ಸಣ್ಣ ಓವನ್ನನ್ನು, 175 ಡಿಗ್ರಿಗೆ ಇಟ್ಟು ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ 15 ನಿಮಿಷ ಕಾಯಿಸಿ. ತಣ್ಣಗಿನ ಬಟ್ಟಲುಗಳಿಗೆ ಮೊದಲು ಪಿಕಾನ್ ಚೂರು ಹಂಚಿ, ಅದರ ಮೇಲೆ ಬೆಲ್ಲದ ಮಿಶ್ರಣ ಸುರಿಯಿರಿ. ಪಿಕಾನ್ ತಾನಾಗಿ ಮೇಲಕ್ಕೆ ತೇಲಿ ಬರುತ್ತದೆ. ಮುಕ್ಕಾಲು ಭಾಗಕ್ಕೆ ನಿಲ್ಲಿಸಿ. ಕೊನೆಯಲ್ಲಿ ಸ್ವಲ್ಪ ಉಳಿಯಿತು ಅಂತ ಆಸೆಪಟ್ಟು ಎಲ್ಲದಕ್ಕೂ ಒಂದೊಂದು ಹನಿ ಸೇರಿಸಿದರೆ ಎಲ್ಲವೂ ಉಕ್ಕುತ್ತವೆ. ಚೆಲ್ಲಿದ ಬೆಲ್ಲವನ್ನು ಸುಡುವ ಮುಂಚೆಯೇ ಒರೆಸಿಬಿಡಿ.

ನಡುವಿನ ಹಂತದಲ್ಲಿ ಟ್ರೇ ಇಟ್ಟು 22ರಿಂದ 26 ನಿಮಿಷ. ಗಡಿಯಾರಕ್ಕಿಂತ ಕಣ್ಣು ನಂಬಿ. ಹೂರಣ ಉಬ್ಬಿ, ಮೇಲೆ ಸಣ್ಣ ಬಿರುಕು ಬಂದು, ಅಂಚಿನ ಕಣಕ ಗೋಧಿ ಬಣ್ಣಕ್ಕೆ ತಿರುಗಿರಬೇಕು. ಟ್ರೇ ಮೆಲ್ಲಗೆ ಅಲ್ಲಾಡಿಸಿದರೆ ನಡುವೆ ಗಟ್ಟಿ ಮೊಸರಿನಂತೆ ನಡುಗಬೇಕು, ಎಣ್ಣೆಯಂತೆ ತುಳುಕಬಾರದು. ಹೊರಗೆ ತೆಗೆದ ಮೇಲೆ ಉಬ್ಬು ಇಳಿದು ಚಪ್ಪಟೆ ಆಗುತ್ತದೆ. ಕೆಟ್ಟಿತು ಅಂತ ಗಾಬರಿ ಆಗಬೇಡಿ, ಅದು ಹಾಗೇ.

ಮೈಕ್ರೋವೇವ್ ಇದ್ದವರು ಕನ್ವೆಕ್ಷನ್ ಮೋಡ್‌ನಲ್ಲಿ 165 ಡಿಗ್ರಿಗೆ ಮಾಡಿ, ಬರೀ ಮೈಕ್ರೋ ಮೋಡ್‌ನಲ್ಲಿ ಲೋಹದ ಟ್ರೇ ಇಡಲೇಬೇಡಿ. ಏನೂ ಇಲ್ಲದವರಿಗೆ ದಪ್ಪ ತಳದ ಕಡಾಯಿ ಇದೆಯಲ್ಲ. ತಳಕ್ಕೆ ಒಂದು ಬೆರಳು ಉಪ್ಪು, ಮೇಲೊಂದು ಸ್ಟ್ಯಾಂಡ್, ಗಟ್ಟಿ ಮುಚ್ಚಳ, ಹತ್ತು ನಿಮಿಷ ಕಾಯಿಸಿ, ಬಿಡಿ ಅಚ್ಚುಗಳನ್ನು ಏಳೆಂಟರಂತೆ ಇಟ್ಟು ಸಣ್ಣ ಉರಿಯಲ್ಲಿ 30, 35 ನಿಮಿಷ. ಮೇಲೆ ಕೆಂಪಾಗುವುದಿಲ್ಲ, ರುಚಿಗೆ ಮೋಸ ಇಲ್ಲ.

ಕರೆಂಟ್ ವಿಷಯ. ನಡುವೆ ಹೋದರೆ ಬಾಗಿಲು ತೆರೆಯಬೇಡಿ. 15 ನಿಮಿಷ ಆಗಿದ್ದರೆ ಒಳಗಿನ ಕಾವಿನಲ್ಲೇ ಬಹುತೇಕ ಬೇಯುತ್ತದೆ. ಐದೇ ನಿಮಿಷಕ್ಕೆ ಹೋಗಿ ಬೇಗ ಬರುವ ಲಕ್ಷಣ ಇಲ್ಲದಿದ್ದರೆ ಮೊಟ್ಟೆ ಹಾಕಿದ್ದನ್ನು ಹಾಗೆ ಬೆಚ್ಚಗೆ ಬಿಡುವುದು ಒಳ್ಳೆಯದಲ್ಲ, ಕಡಾಯಿ ಕಾಯಲು ಇಟ್ಟು ಅಚ್ಚುಗಳನ್ನು ಅದಕ್ಕೆ ದಾಟಿಸಿ. ನನ್ನ ಅರ್ಧ ಕೆಟ್ಟ ಪೈ ಇದೇ. ಕರೆಂಟ್ ಹೋಗಿತ್ತು, ಬೆಂದಿದೆಯಾ ಅಂತ ಮೂರು ಸಲ ಬಾಗಿಲು ತೆಗೆದು ಇಣುಕಿದೆ, ಇದ್ದ ಕಾವೂ ಹೋಯಿತು.

ಹೊರಗೆ ತೆಗೆದ ಮೇಲೆ ಐದರಿಂದ ಎಂಟು ನಿಮಿಷ ಮಾತ್ರ ಟ್ರೇಯಲ್ಲಿರಲಿ. ತಕ್ಷಣ ಎತ್ತಿದರೆ ಮುರಿಯುತ್ತವೆ, ಪೂರ್ತಿ ಆರಿದರೆ ಬೆಲ್ಲ ಕಚ್ಚಿಕೊಳ್ಳುತ್ತದೆ. ಚೂಪು ಚಾಕು ತುದಿ ಅಂಚಿನಲ್ಲಿಟ್ಟು ಒಂದೊಂದನ್ನೂ ಅಲ್ಲೇ ಗಿರ್ರನೆ ತಿರುಗಿಸಿ, ತಿರುಗಿತು ಅಂದರೆ ಬಿಟ್ಟಿತು ಅಂತ. ಮೊಂಡು ಹಿಡಿದವು ಇದ್ದರೆ ಟ್ರೇಯನ್ನು ಮತ್ತೆ ಎರಡು ನಿಮಿಷ ಓವನ್‌ಗಿಡಿ, ಬೆಲ್ಲ ಕರಗಿ ಬಿಡುತ್ತದೆ.

ಮೊಟ್ಟೆ ಇಲ್ಲದೆ

ನಮ್ಮ ಅತ್ತೆ ಮೊಟ್ಟೆ ಮುಟ್ಟುವುದಿಲ್ಲ, ಅದಕ್ಕೇ ಅರ್ಧ ಹೀಗೆ ಮಾಡುತ್ತೇನೆ. 24ಕ್ಕೆ ಲೆಕ್ಕ ಹೇಳುತ್ತೇನೆ: ಬೆಲ್ಲ 120 ಗ್ರಾಂ ಕರಗಿಸಿ ಸೋಸಿ ಆರಿಸಿ, ಫ್ರೆಶ್ ಕ್ರೀಮ್ 100 ಮಿ.ಲೀ., ಎರಡು ದೊಡ್ಡ ಚಮಚ ಹಾಲಿನಲ್ಲಿ ಕದಡಿದ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಒಂದು ದೊಡ್ಡ ಚಮಚ ಬೆಣ್ಣೆ, ಉಪ್ಪು. ಎಲ್ಲ ತಣ್ಣಗಿರುವಾಗಲೇ ಕೂಡಿಸಿ ಆಮೇಲೆ ಒಲೆಗಿಡಿ. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುತ್ತದೆ ಅಂತ ಪಾಯಸ ಮಾಡುವ ಎಲ್ಲರಿಗೂ ಗೊತ್ತಲ್ಲ, ಅದೇ ಲೆಕ್ಕ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಿ, ಸೌಟಿನ ಬೆನ್ನಿಗೆ ಹತ್ತಿಕೊಳ್ಳುವಷ್ಟು ಗಟ್ಟಿ ಆದಾಗ ಇಳಿಸಿ, ಪಿಕಾನ್ ಬೆರೆಸಿ, ಆರಿಸಿ ತುಂಬಿ. 20, 22 ನಿಮಿಷ ಸಾಕು. ಮೊಟ್ಟೆ ಹಾಕಿದ್ದರ ಹಾಗೆ ಉಬ್ಬುವುದಿಲ್ಲ, ಕೋವಾದಂಥ ರುಚಿ ಬರುತ್ತದೆ. ಟ್ರೇ ಬೇರೆ ಇಟ್ಟುಕೊಂಡಿದ್ದೇನೆ, ಇಲ್ಲದಿದ್ದರೆ ಮನೆಯಲ್ಲಿ ಶಾಂತಿ ಇರುತ್ತಿರಲಿಲ್ಲ.

ಪಿಕಾನ್ ಮುಗಿದಾಗ ಅರ್ಧ ಅಕ್ರೋಟ್ ಬೆರೆಸಿ ನೋಡಿದೆ, ಚಲೋ ಬಂತು. ಪೂರ್ತಿ ಶೇಂಗಾ ಹಾಕಿಯೂ ಮಾಡಿದೆ, ಹುರಿದು, ಸಿಪ್ಪೆ ಊದಿ, ಬೇಳೆ ಮಾಡಿ. ಮಕ್ಕಳು ಅದನ್ನೇ ಮೊದಲು ಖಾಲಿ ಮಾಡಿದರು. ಪಿಕಾನ್ ಪೈ ಅಂತ ಕರೆಯೋಕೆ ಆಗಲ್ಲ ಅಷ್ಟೇ, ಖರ್ಚು ಮಾತ್ರ ಎಷ್ಟೋ ಕಮ್ಮಿ.

ಆರಿದ ಕೂಡಲೇ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ಗೆ, ಅಲ್ಲಿ ನಾಲ್ಕೈದು ದಿನ. ಫ್ರೀಜರ್‌ನಲ್ಲಾದರೆ ಒಂದು ತಿಂಗಳು. ತಿನ್ನುವ ಮುಂಚೆ 150 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟರೆ ಕಣಕ ಮತ್ತೆ ಗರಿಗರಿ ಆಗುತ್ತದೆ. ಆರಲು ಇಟ್ಟ ತಟ್ಟೆಯನ್ನು ನೀರು ತುಂಬಿದ ಪರಾತದ ನಡುವೆ ಒಂದು ಬಟ್ಟಲು ಬೋರಲು ಹಾಕಿ ಅದರ ಮೇಲಿಡಿ. ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಇರುವೆಗಳು ಕಿಟಕಿಯಿಂದ ಸಾಲು ಕಟ್ಟಿದ್ದವು, 24ರಲ್ಲಿ 7 ಅವಕ್ಕೇ ಹೋದವು.